ತೊಳೆ ಬೇಡ, ಸಿಪ್ಪೆ ಸಾಕು

ನಮ್ಮ ದೊಡ್ಡಪ್ಪ ಅಕ್ಷರ ನುಂಗುವ ಮನುಷ್ಯ. ಮೂವತ್ತೆಂಟು ವರ್ಷ ಅಂಗಡಿಗಳಿಗೆ ಬೋರ್ಡು ಬರೆದವರು. ಹಲಗೆ ಚಿಕ್ಕದು, ಬರೆಸುವವರ ಮಾತು ಉದ್ದ. ಹಾಗಾಗಿ ಕತ್ತರಿ ಆಡಿಸುವುದೇ ಅಭ್ಯಾಸವಾಯಿತು. ‘ಇಲ್ಲಿ ವಾಹನಗಳನ್ನು ನಿಲ್ಲಿಸಬಾರದು’ ಎಂದು ಬರೆಯಲು ಹೇಳಿದರೆ ‘ಗಾಡಿ ಬೇಡ’ ಎಂದು ಬರೆದು ಏಣಿ ಇಳಿಯುತ್ತಿದ್ದರು. ಮನೆಯಲ್ಲೂ ಅಷ್ಟೆ. ದೊಡ್ಡಮ್ಮ ಅರ್ಧ ಗಂಟೆ ಜಗಳವಾಡಿದರೆ ಇವರು ‘ಹೂಂ’ ಎನ್ನುವರು, ಅದರಲ್ಲೂ ಸೊನ್ನೆ ನುಂಗುವರು.

ಪ್ರಿಂಟಾದ ಬೋರ್ಡುಗಳು ಬಂದಮೇಲೆ ಅವರನ್ನು ಕೇಳಿಕೊಂಡು ಬರುವವರು ನಿಂತೇಹೋದರು. ಕೈ ಸುಮ್ಮನಿರದೆ ದೊಡ್ಡಪ್ಪ ನಿಂಬೆಹಣ್ಣಿಗೆ ಗಂಟುಬಿದ್ದರು. ಬುಡ ಬಿಡದಂತೆ ನಾಲ್ಕು ಸೀಳು, ಸೀಳಿನ ತುಂಬ ಉಪ್ಪು, ಜಾಡಿಯಲ್ಲಿ ಅದುಮಿ ಮುಳುಗುವಷ್ಟು ನಿಂಬೆರಸ, ಆಮೇಲೆ ಒಂದು ತಿಂಗಳು ಯಾರೂ ಮುಟ್ಟುವ ಹಾಗಿಲ್ಲ. ಸಿಪ್ಪೆ ಮೆತ್ತಗಾದ ಮೇಲೆ ನಾವಿದ್ದ ಕಟ್ಟಡದ ಹದಿನಾಲ್ಕು ಮನೆಗೂ ಒಂದೊಂದು ಜಾಡಿ ಹಂಚಿದರು. ಪ್ರತಿ ಜಾಡಿಯ ಮೇಲೂ ಮುತ್ತಿನಂಥ ಅಕ್ಷರ: ‘ತೊಳೆ ಬೇಡ, ಸಿಪ್ಪೆ ಸಾಕು. ಅನ್ನ, ಮೀನು, ಸೂಪು, ಸೋಡಾ.’

ಹಂಚಿ ಬಂದವರೇ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಒಬ್ಬರಾದರೂ ಬಂದು ‘ಇನ್ನೊಂದು ಜಾಡಿ ಕೊಡಿ’ ಅನ್ನಲಿ ಎಂಬುದಷ್ಟೇ ಅವರ ಆಸೆ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮೆಟ್ಟಿಲಲ್ಲಿ ಚಪ್ಪಲಿ ಸದ್ದಾದರೆ ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದರು.

ಮೂರು ವಾರ ಯಾರೂ ಬರಲಿಲ್ಲ. ಬದಲಿಗೆ ಕಟ್ಟಡಕ್ಕೇ ಏನೋ ಬಡಿದುಕೊಂಡಿತು. ಮೇಲಿನ ಟ್ಯಾಂಕು ಮಧ್ಯಾಹ್ನಕ್ಕೇ ಖಾಲಿ. ಕಸ ಹಾಕಲು ಹೋಗುವವರೂ ನೀರಿನ ಬಾಟಲಿ ಹಿಡಿದು ಹೋಗತೊಡಗಿದರು. ಎರಡನೇ ಮಹಡಿಯ ನರ್ಸಕ್ಕ ಎಲ್ಲರ ಬಿ.ಪಿ. ನೋಡಿ, ಇದೇನೋ ಹರಡುವ ಕಾಯಿಲೆಯೆಂದು ತಾನು ಮಾಸ್ಕ್ ಹಾಕಿಕೊಂಡಳು. ದೊಡ್ಡಪ್ಪ ಎದುರಾದರೆ ಮಾತ್ರ ಎಲ್ಲರದೂ ಒಂದೇ ಮಾತು, "ಆಹಾ, ಏನು ರುಚಿ!" ಅಂದವರು ನೀರಿಗೆ ಓಡುತ್ತಿದ್ದರು. ದಾಕ್ಷಿಣ್ಯಕ್ಕೂ ಒಂದು ಮಿತಿ ಬೇಡವೇ?

ಕೊನೆಗೆ ದೊಡ್ಡಪ್ಪನೇ ಕೆಳಮನೆಯ ಇಸ್ತ್ರಿಯವನನ್ನು ಅಡ್ಡಗಟ್ಟಿದರು.

"ಹೇಗಿತ್ತು?"

"ಸುಳ್ಳು ಯಾಕೆ ಯಜಮಾನ್ರೇ, ಒಂದು ಲೋಟ ಸೋಡಾಗೆ ಹಾಕ್ಕೊಂಡು ಕುಡಿದೆ. ಆಮೇಲೆ ಬಟ್ಟೆಗೆ ಚಿಮುಕಿಸೋಕೆ ಇಟ್ಟಿದ್ದ ನೀರನ್ನೂ ಬಿಡ್ಲಿಲ್ಲ."

"ಉಪ್ಪು ಹೋಗೋ ಹಾಗೆ ತೊಳೀಲಿಲ್ವಾ?"

"ನೀವೇ ಬರ್ದಿದೀರಲ್ಲ, ತೊಳೆ ಬೇಡ ಅಂತ!"

"ತೊಳೆ ಕಣಯ್ಯಾ, ತೊಳೆ! ಕಿತ್ತಳೆ ತೊಳೆ ಅನ್ನಲ್ವಾ? ಹಣ್ಣಿನೊಳಗಿನ ತೊಳೆ ಬೇಡ ಅಂದೆ!"

"ನೀವು ಅಕ್ಷರ ನುಂಗೋರು ಅಂತ ಊರಿಗೇ ಗೊತ್ತು. ತೊಳೆಯಬೇಡ ಅನ್ನೋದ್ರಲ್ಲಿ ‘ಯ’ ನುಂಗಿದೀರ ಅಂದ್ಕೊಂಡ್ವಿ."

ದೊಡ್ಡಪ್ಪನ ಮುಖ ಸಪ್ಪಗಾಯಿತು. ಜೀವಮಾನದಲ್ಲಿ ಒಂದು ಸಲ ಯಾವ ಅಕ್ಷರವನ್ನೂ ನುಂಗದೆ ಬರೆದಿದ್ದರು, ಅದೇ ಕೈಕೊಟ್ಟಿತ್ತು. ಒಳಗೆ ಬಂದು ಗೋಡೆಗೆ ಮುಖಮಾಡಿ ಕೂತುಬಿಟ್ಟರು. ದೊಡ್ಡಮ್ಮ ಬೈಯಲಿಲ್ಲ. ಕೈಗೊಂದು ಚಾಕು ಕೊಟ್ಟು, "ಹೋಗಿ, ಬಾಯಲ್ಲಿ ಹೇಳಿ ಬನ್ನಿ" ಅಂದರು.

ಹೋದರು, ನಾನೂ ಹಿಂದೆಯೇ ಹೋದೆ. ಇಸ್ತ್ರಿಯವನ ಅಡುಗೆಮನೆಯಲ್ಲಿ ನಿಂತು ಶುರುಮಾಡಿದರು. "ಮೊದಲು ತೊಳೆ ತೆಗಿ. ಆಮೇಲೆ ಸಿಪ್ಪೆ ತೊಳೆ. ನೂಲಿನ ಹಾಗೆ ಹೆಚ್ಚು. ಬಿಸಿ ಅನ್ನಕ್ಕೆ ಒಂದು ಚಿಟಿಕೆ, ಸೋಡಾಗೆ ಎರಡೇ ಎಳೆ, ಸಕ್ಕರೆ ಜಾಸ್ತಿ ಇರ್ಲಿ. ಮೀನಿಗಾದ್ರೆ ಒಲೆ ಆರಿಸಿದ ಮೇಲೇ ಹಾಕ್ಬೇಕು, ಯಾಕಂದ್ರೆ..." ಒಂದು ಗಂಟೆಯಾದರೂ ಆ ‘ಯಾಕಂದ್ರೆ’ ಮುಗಿಯಲಿಲ್ಲ. ನನ್ನ ಬಾಲ್ಯವೆಲ್ಲ ಸೇರಿಸಿದರೂ ಅವರ ಬಾಯಿಂದ ಅಷ್ಟು ಮಾತು ಕೇಳಿರಲಿಲ್ಲ. ಇಸ್ತ್ರಿಯವನ ಹೆಂಡತಿ ಸೌಟು ಹಿಡಿದು ನಿಂತೇ ಇದ್ದಳು.

ಮಾರನೆಯ ಬೆಳಿಗ್ಗೆ ಇಸ್ತ್ರಿಯವನು ನಮ್ಮ ಬಾಗಿಲಿಗೆ ಬಂದ. ದೊಡ್ಡಪ್ಪ ಗಡಬಡಿಸಿ ಎದ್ದು ಹೊಸ ಜಾಡಿ ಎತ್ತಿಕೊಂಡರು.

"ಜಾಡಿ ಬೇಡ ಯಜಮಾನ್ರೇ, ಇನ್ನೂ ಅರ್ಧ ಇದೆ. ನಮ್ಮನೆಯವಳು ನಿಮ್ಮನ್ನ ಕರ್ಕೊಂಡು ಬಾ ಅಂದ್ಲು. ನಿನ್ನೆ ಮೀನಿಗೇ ನಿಂತೋಯ್ತಲ್ಲ, ಸೂಪಿಂದು ಹೇಳೋದು ಬಾಕಿ ಇದೆಯಂತೆ."

ದೊಡ್ಡಪ್ಪ ಚಪ್ಪಲಿ ಮೆಟ್ಟುವುದನ್ನೂ ಮರೆತು ಅವನಿಗಿಂತ ಮುಂದೆ ಮೆಟ್ಟಿಲಿಳಿದರು.