ಹಮೀದಾಕರ ಅಳತೆಗಳು ಬೇರೆ ರೂಮಿಗೆ ಹೋದದ್ದು

ಕೇಳಿ ಮಾರಾಯ್ರೆ, ನನ್ನ ಸಾಫ್ಟ್‌ವೇರ್ ಬಳಸುವ, ದುಬೈಯ ಸತ್ವಾ ಪೇಟೆಯ ಟೈಲರ್ ಹಮೀದಾಕ ಇವತ್ತು ಅದನ್ನು ಬಿಟ್ಟೇಬಿಡುತ್ತೇನೆಂದು ಕೂತರು. ಅವರ ಗಿರಾಕಿಗಳ ಅಳತೆಯೂ ಎದುರಂಗಡಿಯ ಟೈಲರನ ಗಿರಾಕಿಗಳ ಅಳತೆಯೂ ಒಂದೇ ಡೇಟಾಬೇಸಿನಲ್ಲಿವೆ ಎಂದು ಯಾರೋ ಹೇಳಿದ್ದರಂತೆ.

“ಹೌದು, ಆದರೆ ಪ್ರತಿ ಸಾಲಿಗೂ ಅಂಗಡಿಯ ನಂಬರುಂಟು. ನಿಮ್ಮದು ಅವರಿಗೆ ಕಾಣುವುದಿಲ್ಲ,” ಎಂದೆ.

“ಪೊರ್ಬುಗಳೇ,” ಎಂದರು ಹಮೀದಾಕ, ಊರಲ್ಲಿ ನಮ್ಮಂಥ ಕ್ರಿಸ್ತಿಯನರನ್ನು ಕರೆಯುವ ಹಾಗೆ. “ನಾನು ಎಂಟು ಜನರ ರೂಮಿನಲ್ಲಿ ಮಲಗುವವ. ನನ್ನ ಮಂಚಕ್ಕೂ ನಂಬರುಂಟು. ಆದರೂ ನನ್ನ ಟವೆಲ್ ದಿನಾ ಇನ್ನೊಬ್ಬನ ಹೆಗಲಲ್ಲಿ.”

ಅಲ್ಲೇ ಕೂತು ಅವರಿಗೆ ಬೇರೆಯೇ ಡೇಟಾಬೇಸ್ ಮಾಡಿಕೊಟ್ಟೆ.

ರೂಮಿಗೆ ಮರಳುವ ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಆ ಹೊಸ ಡೇಟಾಬೇಸೇ ಕಾಣುತ್ತಿತ್ತು. ದೊಡ್ಡದೊಂದು ಕೋಣೆ, ತಣ್ಣನೆಯ ಏಸಿ, ಒಳಗೆ ಹಮೀದಾಕರ ಗಿರಾಕಿಗಳ ತೋಳು, ಎದೆ, ಸೊಂಟದ ಅಳತೆಗಳೆಲ್ಲ ಕಾಲು ಚಾಚಿ ಮಲಗಿವೆ. ಹನ್ನೊಂದು ವರ್ಷ ದುಬೈಯಲ್ಲಿ ದುಡಿದ ನನಗೆ ಇನ್ನೂ ಹಂಚಿಕೊಂಡ ರೂಮಿನಲ್ಲಿ ಪ್ಲೈವುಡ್ ಅಡ್ಡಗಟ್ಟಿದ ಪಾರ್ಟಿಷನ್ನೇ ಗತಿ. ಟೇಪಿನ ಅಂಕಿಗಳಿಗೆ ಒಂದೇ ಮಧ್ಯಾಹ್ನದಲ್ಲಿ ಸ್ವಂತ ರೂಮು ಆಯಿತು.