ಗೇಟಮ್ಮನ ಎರಡು ಬಾಗಿಲ ಕೋಣೆ

ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ತೆಗೆದು ಹಾಕುವ ಆ ಹೆಂಗಸಿಗೂ ಹೆತ್ತವರು ಇಟ್ಟ ಹೆಸರೊಂದಿತ್ತು. ಆ ಹೆಸರು ಹಿಡಿದು ಕರೆಯುವವರೆಲ್ಲ ಒಬ್ಬೊಬ್ಬರಾಗಿ ಕಣ್ಮುಚ್ಚಿದ ಮೇಲೆ ಗೇಟಮ್ಮ ಎಂಬುದೊಂದೇ ಉಳಿಯಿತು. ಗಂಡ ಅದೇ ಗೇಟಿನ ವಾಚ್‌ಮನ್ ಆಗಿದ್ದ. ಮದುವೆಯಾದ ಹೊಸತರಲ್ಲಿ ಅವಳನ್ನು ಕರೆತಂದು ಮೆಟ್ಟಿಲ ಪಕ್ಕದ ಕೋಣೆ ತೋರಿಸಿ, "ನೋಡು, ನಮ್ಮ ಅರಮನೆಗೆ ಎರಡು ಬಾಗಿಲು. ಜಗಳ ಆದ್ರೆ ನೀನೊಂದರಲ್ಲಿ ಹೋಗು, ನಾನೊಂದರಲ್ಲಿ ಹೋಗ್ತೀನಿ" ಎಂದಿದ್ದ. ಒಂದು ಬಾಗಿಲು ಒಳಗಿನ ಓಣಿಗೆ, ಇನ್ನೊಂದು ಹಿತ್ತಿಲಿಗೆ. ಜಗಳಗಳೇನೋ ಬಂದವು, ಇಬ್ಬರೂ ಯಾವ ಬಾಗಿಲಲ್ಲೂ ಹೋಗಲಿಲ್ಲ. ಮಕ್ಕಳಾಗಲಿಲ್ಲ. ಕೊನೆಗೆ ಜ್ವರ ಹತ್ತಿ ಗಂಡನೊಬ್ಬನೇ ಹೋದ, ಅದೂ ಹಿತ್ತಿಲ ಬಾಗಿಲಿಂದ, ನಾಲ್ಕು ಜನರ ಹೆಗಲ ಮೇಲೆ.

ಹಿತ್ತಿಲ ಬಾಗಿಲ ಪಕ್ಕದ ಗೋಡೆಯಲ್ಲಿ ಅವನು ಹೊಡೆದ ದಪ್ಪ ಮೊಳೆಯೊಂದಿತ್ತು. ಕೆಲಸ ಮುಗಿಸಿ ಬಂದರೆ ಟಾರ್ಚು, ಸೀಟಿ, ಮಳೆಕೋಟು ಎಲ್ಲವನ್ನೂ ಅದಕ್ಕೇ ತೂಗುಹಾಕುತ್ತಿದ್ದ. ಅವನು ಹೋದ ಮೇಲೆ ಗೇಟಮ್ಮ ಆ ಮೊಳೆಗೆ ಒಂದು ಬಟ್ಟೆಯ ಚೂರನ್ನೂ ಹಾಕಲಿಲ್ಲ. ಕೀಲಿಗೊಂಚಲು ಸೊಂಟದಲ್ಲಿ, ಚೀಲ ಮೂಲೆಯಲ್ಲಿ, ಮೊಳೆ ಬರಿದು.

ಗೇಟಿನ ಕೆಲಸದ ಜೊತೆಗೆ ಗುಡಿಸಿ ಒರೆಸುವ ಕೆಲಸವನ್ನೂ ಆಕೆ ಹಿಡಿದುಕೊಂಡಳು. ಕೈಲಾಗುವವರೆಗೆ ಕೋಣೆ ನಿನ್ನದೇ ಎಂದು ಆಫೀಸಿನವರು ಬಾಯಿಮಾತಲ್ಲಿ ಹೇಳಿದ್ದರು. ಆಕೆಯ ಬದುಕೆಲ್ಲ ಆ ಬಾಯಿಮಾತಿನ ಮೇಲೆ ನಿಂತಿತ್ತು.

ಆ ವರ್ಷ ಕಣ್ಣು ಕಾಣದ ಹುಡುಗಿಯೊಬ್ಬಳು ಓದಲು ಬಂದಳು. ಜೊತೆಗೊಂದು ನಾಯಿ. ಅದರ ಮೈಗೆ ಚರ್ಮದ ಪಟ್ಟಿ, ಪಟ್ಟಿಗೊಂದು ಗಟ್ಟಿ ಹಿಡಿಕೆ. ಹುಡುಗಿ ಹಿಡಿಕೆ ಹಿಡಿದರೆ ಸಾಕು, ನಾಯಿ ಅಕ್ಕಪಕ್ಕ ನೋಡದೆ, ಮೆಟ್ಟಿಲು ಬಂದಲ್ಲಿ ನಿಂತು, ಬಕೆಟ್ಟು ಬಂದಲ್ಲಿ ಸುತ್ತು ಬಳಸಿ ಅವಳನ್ನು ನಡೆಸುತ್ತಿತ್ತು. ಅದರ ಗಾಂಭೀರ್ಯ ನೋಡಿ ಹುಡುಗಿಯರು ಮಂತ್ರಿ ಎಂದು ಹೆಸರಿಟ್ಟರು. ಪಟ್ಟಿ ಬಿಚ್ಚಿದರೆ ಅದೇ ಮಂತ್ರಿ ಹಿತ್ತಿಲಲ್ಲಿ ಮಣ್ಣಿನ ಮೇಲೆ ಉರುಳಾಡುತ್ತಿತ್ತು.

"ಎಲ್ಲಾ ಮಂತ್ರಿಗಳೂ ಹೀಗೇ, ಅಧಿಕಾರ ಇಳಿದ ಮೇಲೆ ಮಣ್ಣೇ ಗತಿ" ಎಂದು ನಕ್ಕವಳು ಅಡುಗೆಯವಳು.

ಎಲ್ಲವೂ ಸರಿಯಿತ್ತು, ಕೊಳಲು ಒಬ್ಬಳನ್ನು ಬಿಟ್ಟು. ಮಹಡಿಯ ಕೋಣೆಯಲ್ಲಿ ಕಣ್ಣು ಕಾಣದ ಹುಡುಗಿಯ ಪಕ್ಕದ ಮಂಚದವಳು ಅವಳು. ಸಣ್ಣಂದಿನಿಂದ ಉಬ್ಬಸ, ಎದೆ ಸುಂಯ್ ಎನ್ನುತ್ತಿದ್ದುದರಿಂದ ಆ ಹೆಸರನ್ನು ತನಗೆ ತಾನೇ ಇಟ್ಟುಕೊಂಡಿದ್ದಳು, ಬೇರೆಯವರು ಇನ್ನೂ ಕೆಟ್ಟದ್ದು ಇಡುವ ಮೊದಲೇ. ಮಂತ್ರಿ ಬಂದ ಮೇಲೆ ಅವಳ ಉಬ್ಬಸ ಹೆಚ್ಚಿತು. ನಾಯಿಯ ಕೂದಲೇ ಕಾರಣ ಎಂದರು ಎಲ್ಲರೂ.

ಕೂದಲು ತಾನೇ, ನಾನಿದ್ದೀನಲ್ಲ ಎಂದು ಗೇಟಮ್ಮ ಸೆರಗು ಸಿಕ್ಕಿಸಿದಳು. ನೆಲ ಒರೆಸುವುದರಲ್ಲಿ ಆಕೆಯದು ಎತ್ತಿದ ಕೈ. ಬಕೆಟ್ಟಿಗೆ ಮುಚ್ಚಳದಷ್ಟು ಫಿನಾಯಿಲ್ ಹಾಕುತ್ತಿದ್ದವಳು ಈಗ ಬಾಟಲಿಯನ್ನೇ ಬಗ್ಗಿಸಿದಳು. ಮಂಚದಡಿ, ಬಾಗಿಲ ಸಂದಿ, ಓಣಿಯ ಉದ್ದಕ್ಕೂ ಉಜ್ಜಿದ್ದೇ ಉಜ್ಜಿದ್ದು. ಮಾರನೆಯ ಬೆಳಿಗ್ಗೆ ಕೊಳಲು ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದರೆ ಮಂತ್ರಿ ಮೂಗನ್ನು ಮುಂಗಾಲಿಗೆ ಒತ್ತಿಕೊಂಡು ಸೀನುತ್ತ ಮೆಟ್ಟಿಲ ತಲೆಯಲ್ಲಿ ಕೂತುಬಿಟ್ಟಿತ್ತು. ಒಂದು ಹೆಜ್ಜೆ ಮುಂದಿಡಲೊಲ್ಲದು. ಕಣ್ಣು ಕಾಣದ ಹುಡುಗಿಗೆ ಅಂದು ಕ್ಲಾಸು ತಪ್ಪಿತು.

"ಗೇಟಮ್ಮಾ, ನನ್ನನ್ನ ಉಳಿಸೋಕೆ ಹೊರಟಿದ್ದೀಯೋ, ಕಳಿಸೋಕೋ?" ಎಂದಳು ಕೊಳಲು, ಉಸಿರು ಸಿಕ್ಕಷ್ಟರಲ್ಲಿ.

ಗೇಟಮ್ಮ ಪೆಚ್ಚಾಗಿ ಬರೀ ನೀರಿನಲ್ಲಿ ಎಲ್ಲವನ್ನೂ ಮತ್ತೆ ಒರೆಸಿದಳು. ಅಂದಿನಿಂದ ಉಬ್ಬಸ ಸ್ವಲ್ಪ ಇಳಿಯಿತು, ಹೋಗಲಿಲ್ಲ. ಡಾಕ್ಟರು ನೋಡಿ, ಇವಳೂ ನಾಯಿಯೂ ಒಂದೇ ಕೋಣೆಯಲ್ಲಿ ಬೇಡ, ನಾಯಿ ಆ ಓಣಿಯಲ್ಲಿ ಓಡಾಡುವುದೂ ಬೇಡ ಎಂದುಬಿಟ್ಟರು.

ವಾರ್ಡನ್ ಮೇಡಂ ಕೆಟ್ಟವರಲ್ಲ. ನಾಯಿಗೆ ಜಾಗ ಕೊಡಲೇಬೇಕೆಂದು ಕಾಲೇಜಿನಿಂದ ಅಪ್ಪಣೆ ಬಂದಿತ್ತು, ಅವರೂ ಒಪ್ಪಿದ್ದರು. ಆದರೆ ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲೆ ಒಂದೇ ಓಣಿಯಲ್ಲಿದ್ದವು, ಒಂದು ಮಂಚವೂ ಖಾಲಿಯಿರಲಿಲ್ಲ. ಊಟದ ಮನೆಯಲ್ಲಿ ಮಲಗಿಸುವಂತಿಲ್ಲ, ಉಗ್ರಾಣಕ್ಕೆ ಕಿಟಕಿಯಿಲ್ಲ.

"ನಾನೇನು ತಲೆ ಮೇಲೆ ಹೊತ್ತುಕೊಳ್ಳಲಾ?" ಎಂದು ಮೇಡಂ ಅಡುಗೆಯವಳ ಮುಂದೆ ಅಲವತ್ತುಕೊಂಡರು. "ಈ ವಾರದೊಳಗೆ ಹೊರಗೆಲ್ಲಾದ್ರೂ ರೂಮು ನೋಡ್ಕೊಳ್ಳಮ್ಮ ಅಂತ ಹೇಳಿದ್ದೀನಿ. ಬೇರೆ ದಾರಿಯಿಲ್ಲ."

"ಕಣ್ಣಿಲ್ಲದ ಹುಡುಗಿ, ಜೊತೆಗೆ ನಾಯಿ. ಯಾರು ಕೊಡ್ತಾರೆ ಮೇಡಂ ರೂಮು? ಓದು ಬಿಟ್ಟು ಊರಿಗೆ ಹೋಗೋದೇ ಸರಿ" ಎಂದಳು ಅಡುಗೆಯವಳು. ಹೇಳುತ್ತ ಹೇಳುತ್ತ ಅವಳ ಕಣ್ಣು ಮೆಟ್ಟಿಲ ಪಕ್ಕದ ಬಾಗಿಲ ಕಡೆ ಹೊರಳಿತು. ಮೇಡಂ ಕಣ್ಣೂ ಅತ್ತ ಹೋಗಿ ಹಿಂದೆ ಬಂತು.

ಓಣಿ ಗುಡಿಸುತ್ತಿದ್ದ ಗೇಟಮ್ಮ ಅದನ್ನು ನೋಡಿದಳು. ಕೆಳಗಿನ ಕೋಣೆ, ಹಿತ್ತಿಲಿಗೆ ಸ್ವಂತ ಬಾಗಿಲು. ನಾಯಿ ಮಹಡಿ ಹತ್ತುವ ಪ್ರಮೇಯವೇ ಇಲ್ಲ. ಯೋಚಿಸಿದರೆ ಇಡೀ ಕಟ್ಟಡದಲ್ಲಿ ಅಂಥದ್ದು ಅದೊಂದೇ. ಆದರೆ ಒಮ್ಮೆ ಬಿಟ್ಟುಕೊಟ್ಟರೆ ಬಾಯಿಮಾತಿನ ಕೋಣೆ ಮರಳಿ ಸಿಗುವುದೆಂದು ಯಾರ ಬಾಯಿ ಹೇಳೀತು? ಆಕೆ ಕಸವನ್ನು ಬಾಗಿಲ ತನಕ ತಳ್ಳಿ, ಮೊರಕ್ಕೆ ತುಂಬಿಕೊಂಡು ನಡೆದಳು.

ಆ ವಾರವೆಲ್ಲ ಗೇಟಮ್ಮ ಹುಡುಗಿ ಎದುರು ಬಂದರೆ ಮುಖ ತಿರುಗಿಸಿಕೊಳ್ಳುತ್ತಿದ್ದಳು, ಅವಳಿಗೆ ಕಾಣುವುದಿಲ್ಲವೆಂಬುದನ್ನೂ ಮರೆತು. ಮಂತ್ರಿಗೆ ಕಾಣುತ್ತಿತ್ತು. ಅದು ತಲೆಯೆತ್ತಿ ಆಕೆಯನ್ನೇ ನೋಡಿ ಮುಂದೆ ಹೋಗುತ್ತಿತ್ತು.

ಹೊರಡುವ ದಿನ ಬೆಳಿಗ್ಗೆ ಹುಡುಗಿ ಪೆಟ್ಟಿಗೆಯೊಂದಿಗೆ ಕೆಳಗಿಳಿದು ಬಂದಳು. ಹಿಂದೆಯೇ ಕೊಳಲು, ಅವಳ ಕೈಯಲ್ಲೂ ಪೆಟ್ಟಿಗೆ.

"ಮೇಡಂ, ನಾನೇ ಹೋಗ್ತೀನಿ. ನನಗೆ ಕಣ್ಣಾದ್ರೂ ಇದೆ, ರೂಮು ಹುಡುಕ್ಕೋತೀನಿ" ಎಂದು ಕೊಳಲು ಅಳುತ್ತಿದ್ದಳು.

"ಹುಚ್ಚಿ, ನಾಲ್ಕು ಹೆಜ್ಜೆಗೆ ಉಸಿರು ನಿಲ್ಲುತ್ತೆ ನಿಂಗೆ. ಎಲ್ಲಿ ಅಂತ ಹುಡುಕ್ತೀಯಾ?" ಎಂದಳು ಕಣ್ಣು ಕಾಣದ ಹುಡುಗಿ. ದನಿ ಗಟ್ಟಿಯಿತ್ತು, ಹಿಡಿಕೆ ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು.

ಗೇಟು ತೆಗೆಯಬೇಕಾದವಳು ಗೇಟಮ್ಮ. ಕೀಲಿ ಕೈಯಲ್ಲಿತ್ತು. ಬೀಗದವರೆಗೆ ಹೋದಳು, ಅಲ್ಲೇ ನಿಂತಳು. ಆಮೇಲೆ ತಿರುಗಿ ಬಂದು ತನ್ನ ಕೋಣೆಯ ಬಾಗಿಲನ್ನು ಅಗಲಕ್ಕೆ ತೆರೆದಳು.

"ಮೇಡಂ, ಮೇಲೆ ಆ ಮಂಚ ಖಾಲಿಯಾಯ್ತಲ್ಲ, ನಾನಲ್ಲಿ ಮಲಗ್ತೀನಿ. ಈ ಮಗು ಇಲ್ಲಿರಲಿ."

ಮೇಡಂ ಕೋಣೆಯ ಬಾಗಿಲವರೆಗೆ ಬಂದರು. "ಗೇಟಮ್ಮಾ, ಆಫೀಸಿನವರು ಮುಂದೆ ಏನಂತಾರೋ ಗೊತ್ತಿಲ್ಲ. ಈ ಕೋಣೆ ನಿಮಗೇ ವಾಪಸ್ ಸಿಗುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ."

"ನಾನು ಕೇಳಿದ್ನಾ?" ಎಂದಳು ಗೇಟಮ್ಮ. ಒರಟಾಗಿಯೇ ಅಂದಳು, ಇಲ್ಲದಿದ್ದರೆ ದನಿ ಒಡೆಯುತ್ತಿತ್ತು.

"ಅಮ್ಮಾ, ನನ್ನಿಂದ ನಿಮಗೆ..." ಎಂದು ಹುಡುಗಿ ಬಾಯಿ ತೆರೆದಳು.

"ಸುಮ್ನೆ ಒಳಗೆ ನಡಿ. ನಿನ್ನ ಮಂತ್ರಿ ಆಗಲೇ ಹೊಸಿಲು ದಾಟಿದೆ."

ಆಕೆಯ ಸಾಮಾನು ಎಷ್ಟಿತ್ತು ಎಂದೀರಿ, ಒಂದು ಟ್ರಂಕು, ಒಂದು ಚಾಪೆ, ಒಂದು ಚೊಂಬು. ಕೊಳಲೇ ಚಾಪೆ ಹೊತ್ತು ಮೇಲೆ ತಂದಳು.

"ಗೇಟಮ್ಮಾ, ಗೊರಕೆ ಹೊಡೀತೀಯಾ?"

"ಹೊಡೀತೀನಿ. ನೀನು ಕೊಳಲು ಊದು, ನಾನು ಮದ್ದಳೆ ಬಾರಿಸ್ತೀನಿ."

ಕೊಳಲು ಅಳುವಿನ ನಡುವೆಯೇ ನಕ್ಕಳು. ಗೇಟಮ್ಮನಿಗೆ ನಗು ಬರಲಿಲ್ಲ. ಕಿಟಕಿಯಿಂದ ಬಗ್ಗಿ ಕೆಳಗಿನ ಹಿತ್ತಿಲನ್ನು ನೋಡಿದಳು. ಇಷ್ಟು ವರ್ಷ ಬಾಗಿಲಿಂದ ನೋಡಿದ ಹಿತ್ತಿಲು, ಮೇಲಿಂದ ಬೇರೆ ಯಾರದೋ ಮನೆಯದೆಂಬಂತೆ ಕಂಡಿತು.

ಮಾರನೆಯ ಬೆಳಿಗ್ಗೆ ಗೇಟು ತೆಗೆಯಲು ಇಳಿದು ಬಂದಾಗ ಕೈ ತಾನೇ ತಾನಾಗಿ ಕೋಣೆಯ ಚಿಲಕದ ಮೇಲೆ ಹೋಯಿತು. ಹಿಂದೆಗೆದುಕೊಂಡಳು. ನಿಂತು, ಬೆರಳು ಮಡಿಸಿ, ಬಾಗಿಲು ತಟ್ಟಿದಳು. ಆ ಬಾಗಿಲನ್ನು ಆಕೆ ತಟ್ಟಿದ್ದು ಅದೇ ಮೊದಲು.

"ಬನ್ನಿ ಅಮ್ಮಾ" ಎಂದು ಹುಡುಗಿ ಬಾಗಿಲು ತೆರೆದಳು.

ಹಿತ್ತಿಲ ಬಾಗಿಲ ಪಕ್ಕದಲ್ಲಿ, ಗಂಡನ ಮೊಳೆಗೆ, ಮಂತ್ರಿಯ ಚರ್ಮದ ಪಟ್ಟಿ ತೂಗುತ್ತಿತ್ತು. ಅದರ ಕೆಳಗೆ ಮಂತ್ರಿ ಕೆಲಸಕ್ಕೆ ಹೊರಡಲು ಸಿದ್ಧವಾಗಿ ಕೂತಿತ್ತು.

ಗೇಟಮ್ಮ ಮಾತಾಡದಿದ್ದುದನ್ನು ಕೇಳಿಸಿಕೊಂಡೇ ಹುಡುಗಿಗೆ ಏನೋ ಅನ್ನಿಸಿರಬೇಕು. "ಗೋಡೆ ತಡವಿದಾಗ ಮೊಳೆ ಸಿಕ್ತು. ಕೆಳಗಿಟ್ರೆ ನಾನೇ ಎಡವ್ತೀನಿ ಅಂತ ಕೇಳದೇ ಹಾಕಿಬಿಟ್ಟೆ. ತೆಗೀಲಾ ಅಮ್ಮಾ?"

ಗೇಟಮ್ಮ ಹತ್ತಿರ ಹೋಗಿ ಮೊಳೆಯನ್ನು ಅಲ್ಲಾಡಿಸಿ ನೋಡಿದಳು. ಗೋಡೆಯಲ್ಲಿ ಭದ್ರವಾಗಿಯೇ ಇತ್ತು.

"ಇರಲಿ ಮಗಾ" ಎಂದಳು. "ಕೆಲಸದಿಂದ ಬಂದವರು ತೂಗುಹಾಕಲಿ ಅಂತಾನೇ ಹೊಡೆದದ್ದು."

ಆಮೇಲೆ ಹಿತ್ತಿಲ ಬಾಗಿಲ ಅಗುಳಿಯನ್ನು, ದಿನವೂ ತೆಗೆಯುವಂತೆಯೇ ತೆಗೆದು, ಮಂತ್ರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಳು.