ಗಂಡು ಬಳ್ಳಿ ಕಡಿದವನು ನಾನು

ಜರ್ಮನಿಯ ಹ್ಯಾನೋವರಿನ ಅಂಚಿನಲ್ಲಿರುವ ನನ್ನ ಮಗಳ ಮನೆಯ ಹಿಂದೆ ಒಂದು ಲಾರಿ ನಿಲ್ಲಿಸುವಷ್ಟು ತೋಟವಿದೆ. ಅದರಲ್ಲಿ ಅಳಿಯ ಎರಡು ಕೀವಿ ಹಣ್ಣಿನ ಬಳ್ಳಿ ನೆಟ್ಟಿದ್ದ. ಅಂಗಡಿಯಲ್ಲಿ ಸಿಗುವ ಕಂದು ತುಪ್ಪಳದ ಕೀವಿಯಲ್ಲ. ಇದು ದ್ರಾಕ್ಷಿಗಿಂತ ತುಸು ದೊಡ್ಡದು, ನುಣುಪಾದದ್ದು, ಸಿಪ್ಪೆ ಸಮೇತ ಬಾಯಿಗೆ ಹಾಕಿಕೊಳ್ಳುವಂಥದ್ದು. ಚಳಿಗಾಲದಲ್ಲಿ ಇಲ್ಲಿ ತೋಟದ ಡ್ರಮ್ಮಿನ ನೀರು ಕಲ್ಲಾಗುತ್ತದೆ, ಆದರೂ ಈ ಬಳ್ಳಿ ಸಾಯುವುದಿಲ್ಲ. ಎಲೆ ಉದುರಿಸಿಕೊಂಡು ಹಳೇ ಹಗ್ಗದಂತೆ ತಂತಿಗೆ ಜೋತುಬಿದ್ದಿದ್ದು, ವಸಂತ ಬಂದಾಗ ಏನೂ ಆಗಿಲ್ಲವೆಂಬಂತೆ ಚಿಗುರುತ್ತದೆ. ಇಷ್ಟು ಗಟ್ಟಿ ಬಳ್ಳಿಯನ್ನು ಹಿಮ ಕೊಲ್ಲಲಿಲ್ಲ, ನಾನು ಕೊಂದೆ. ಆಮೇಲೆ ನಾನು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು.

ನಾನು ಓದಿದ್ದು ಮೆಟ್ರಿಕ್‌ವರೆಗೆ. ಬಾಗಲಕೋಟೆ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಕ್ವಾರ್ಟರ್ಸಿನ ಹಿತ್ತಲಲ್ಲಿ ಪಪ್ಪಾಯಿ ಬೆಳೆಯುತ್ತಿದ್ದೆ. ಹೂ ಬಿಡುವವರೆಗೆ ಪಪ್ಪಾಯಿ ಗಿಡ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಉದ್ದ ಜಡೆಯಂತೆ ಹೂಗೊಂಚಲು ಇಳಿಬಿಟ್ಟರೆ ಅದು ಗಂಡು. ಕಾಯಿ ಬಿಡದು. ನೀರು, ಗೊಬ್ಬರ, ಜಾಗ ಎಲ್ಲ ದಂಡ. ಕಂಡ ದಿನವೇ ಕೊಡಲಿ ಹಾಕಬೇಕು. ಕಾಲೊನಿಯ ಹೆಂಗಸರು ತಮ್ಮ ಗಿಡ ಹೂ ಬಿಟ್ಟಾಗ ನನ್ನನ್ನೇ ಕರೆಸುತ್ತಿದ್ದರು. ನಾನು ಹೋಗಿ, ಕತ್ತೆತ್ತಿ ನೋಡಿ, ತೀರ್ಪು ಕೊಟ್ಟು, ಚಹಾ ಕುಡಿದು ಬರುತ್ತಿದ್ದೆ. ಈ ವಿದ್ಯೆಯನ್ನು ನಾನು ಜರ್ಮನಿಗೂ ತಂದೆ. ಕಸ್ಟಮ್ಸಿನವರು ಉಪ್ಪಿನಕಾಯಿ ಹಿಡಿದರು, ಇದನ್ನು ಬಿಟ್ಟರು.

ಹೆಂಡತಿ ತೀರಿಕೊಂಡ ಮೇಲೆ ಮಗಳು ನನ್ನನ್ನು ಇಲ್ಲಿಗೆ ಕರೆಸಿಕೊಂಡಳು. ಅವಳೂ ಅಳಿಯನೂ ಬೆಳಗ್ಗೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ನನಗೆ ಜೊತೆಯೆಂದರೆ ಪಕ್ಕದ ಮನೆಯ ಮುದುಕರು. ಅವರೂ ಒಬ್ಬರೇ. ಮೊದಲು ಟ್ರಾಮ್ ಓಡಿಸುತ್ತಿದ್ದರಂತೆ. ನನಗೆ ಬರುವ ಜರ್ಮನ್ ಇಪ್ಪತ್ತು ಶಬ್ದ, ಅವರಿಗೆ ಬರುವ ಕನ್ನಡ ಸೊನ್ನೆ. ಆದರೂ ಮೊಣಕಾಲೆತ್ತರದ ಬೇಲಿಯ ಆಚೀಚೆ ನಿಂತು ದಿನಾ ಅರ್ಧ ತಾಸು ಮಾತಾಡುತ್ತಿದ್ದೆವು. ಅವರು ತಮ್ಮ ಟೊಮ್ಯಾಟೊ ತೋರಿಸುವರು, ನಾನು ನನ್ನ ಮೆಂತ್ಯೆ ತೋರಿಸುವೆ. ಇಬ್ಬರೂ ತಲೆಯಾಡಿಸುವೆವು. ನಾನು ಬರುವ ಮೊದಲು ಒಮ್ಮೆ ಬೇಲಿ ದಾಟಿದ ಕೀವಿ ಕುಡಿಗಳನ್ನು ಅವರು ಕತ್ತರಿಸಿ, ದಾರ ಕಟ್ಟಿ, ನೀಟಾಗಿ ಅಳಿಯನ ಬಾಗಿಲಲ್ಲಿ ಇಟ್ಟುಹೋಗಿದ್ದರು. ಇಲ್ಲಿ ಅದು ಕಾನೂನಿನಂತೆ ಸರಿ. ಅಳಿಯ ಮಾತ್ರ ಅದನ್ನು ಮರೆತಿರಲಿಲ್ಲ.

ನಾನು ಬಂದ ಮರುವರ್ಷ ಜೂನ್ ಮೊದಲ ವಾರದಲ್ಲಿ ಎರಡೂ ಬಳ್ಳಿ ಮೊದಲ ಸಲ ಹೂ ಬಿಟ್ಟವು. ಕನ್ನಡಕ ಹಾಕಿಕೊಂಡು ಹೋಗಿ ಪರೀಕ್ಷಿಸಿದೆ. ಒಂದರ ಹೂವಿನ ನಡುವೆ ಮಣಿಯಷ್ಟು ಹಸಿರು ಕಾಯಿ. ಬೇಲಿ ಪಕ್ಕದ್ದರಲ್ಲಿ ಬರೀ ಕಪ್ಪು ತಲೆಯ ಎಳೆಗಳು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಇಂಜಿನಿಯರ್ ಅಳಿಯನಿಗೆ ತಿಳಿಯದ್ದು ನನಗೆ ಎರಡು ನಿಮಿಷದಲ್ಲಿ ತಿಳಿದಿತ್ತು. ಬುಡದಲ್ಲಿ ಜರ್ಮನ್ ಅಕ್ಷರದ ಒಂದು ಚೀಟಿ ನೇತಾಡುತ್ತಿತ್ತು. ಪಪ್ಪಾಯಿ ಯಾವತ್ತು ಚೀಟಿ ಕಟ್ಟಿಕೊಂಡಿತ್ತು? ಗರಗಸ ತಂದು ಬುಡಕ್ಕೇ ಕೊಯ್ದೆ. ತಂತಿಯಿಂದ ಬಳ್ಳಿ ಬಿಡಿಸಲು ಒಬ್ಬನಿಂದಾಗದು, ಸಂಜೆ ಅಳಿಯನಿಗೆ ಹೇಳಿ ಇಬ್ಬರೂ ಸೇರಿ ತೆಗೆದರಾಯಿತು ಎಂದುಕೊಂಡೆ. ಗರಗಸ ಒರೆಸಿ, ಎಣ್ಣೆ ಸವರಿ, ಮೊದಲಿದ್ದ ಮೊಳೆಗೇ ನೇತುಹಾಕಿದೆ. ಸ್ಟೋರ್ ಕೀಪರನ ಅಭ್ಯಾಸ. ಪೊಲೀಸರು ಬಂದಿದ್ದರೂ ಅದನ್ನು ಯಾರೋ ಮುಟ್ಟಿದ್ದಾರೆಂದು ಹೇಳಲಾಗುತ್ತಿರಲಿಲ್ಲ.

ಸಂಜೆ ನಾನು ಬಾಯಿ ತೆಗೆಯುವ ಮೊದಲೇ ತೋಟದಿಂದ ಅಳಿಯ ಕೂಗಿದ.

"ಮಾವಾರ, ಇಲ್ಲಿ ಬರ್ರಿ! ಗಂಡು ಬಳ್ಳಿ ಯಾರೋ ಕೊಯ್ದಾರ!"

"ಅದು ಗಂಡಽ ಅಲ್ಲೇನಪಾ," ಎಂದೆ, ವಿಷಯಕ್ಕೆ ಬರುವ ಉದ್ದೇಶದಿಂದ.

"ಗಂಡು ಇಲ್ಲಂದ್ರ ಹೆಣ್ಣಿಗೆ ಒಂದ ಕಾಯಿ ಕಟ್ಟೂದಿಲ್ರಿ! ಈ ಓಣ್ಯಾಗ ಮತ್ತೊಂದ ಇಲ್ಲ. ಐದು ವರ್ಷ ಕಾಯ್ದೀನಿ ನಾ ಇದಕ್ಕ!"

ಅವನ ಕಣ್ಣಲ್ಲಿ ನೀರಿತ್ತು. ಆಗ ನನಗೆ ಹೊಳೆಯಿತು. ನಮ್ಮ ಕಾಲೊನಿಯಲ್ಲಿ ನಾನು ಎಷ್ಟು ಗಂಡು ಪಪ್ಪಾಯಿ ಕಡಿಸಿದರೂ ನನ್ನ ತೀರ್ಪು ಕೇಳದ ಯಾವನದೋ ಹಿತ್ತಲಲ್ಲಿ ಒಂದು ಉಳಿದಿರಬೇಕು. ಊರಿಗೆಲ್ಲ ಹಣ್ಣು ತಿನ್ನಿಸಿದ್ದು ಅದು. ಹೆಸರು ಬಂದದ್ದು ನನಗೆ.

"ಆ ಮುದುಕನಽ ಮಾಡಿರಬೇಕು," ಎಂದ ಅಳಿಯ. "ನೀವು ಏನರ ನೋಡೀರೇನ್ರಿ?"

ನಾನು ಹೇಳಿದ್ದು ಇಷ್ಟೇ: "ಮಧ್ಯಾಹ್ನ ಬೇಲಿ ಹಂತೇಕ ನಿಂತಿದ್ದಾ, ಅದನ್ನ ನೋಡೀನಿ."

ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅವರು ದಿನಾ ಮಧ್ಯಾಹ್ನ ಬೇಲಿಯ ಹತ್ತಿರ ನಿಲ್ಲುತ್ತಿದ್ದರು, ನನಗಾಗಿ ಕಾಯುತ್ತಾ.

ಅಳಿಯ ಜಗಳಕ್ಕೆ ಹೋಗಲಿಲ್ಲ. ಇಲ್ಲಿಯವರಂತೆ ಪತ್ರ ಬರೆದ. ನೀವು ನಮ್ಮ ಜಾಗಕ್ಕೆ ಬಂದು ಗಿಡ ನಾಶಮಾಡಿದ್ದೀರಿ, ಮತ್ತೆ ಹೀಗಾದರೆ ವಕೀಲರ ಮೂಲಕ ಮಾತಾಡುತ್ತೇವೆ, ಎಂದು ಒಂದು ಪುಟ. ಉತ್ತರ ಬರಲಿಲ್ಲ. ಎರಡು ವಾರದ ಮೇಲೆ ಬೇಲಿಯ ಉದ್ದಕ್ಕೂ ಆಳೆತ್ತರದ ಮರದ ಹಲಗೆ ನಿಲ್ಲಿಸಿದೆವು. ಮೊಳೆ ಎಣಿಸಿ ಕೊಟ್ಟವನು ನಾನೇ. ಆಚೆಯಿಂದ ಮಾತು ನಿಂತುಹೋಯಿತು. ಹೆಣ್ಣು ಬಳ್ಳಿಯ ಹಸಿರು ಮಣಿಗಳು ಹಳದಿಯಾಗಿ ಒಂದೊಂದೇ ಉದುರಿದವು.

ಪಶ್ಚಾತ್ತಾಪ ತಕ್ಷಣ ಬಂತೆಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಬರಲಿಲ್ಲ. ಎರಡು ತಿಂಗಳು ಹೊತ್ತಿಗೆ ಸರಿಯಾಗಿ ಉಂಡೆ, ಮಲಗಿದೆ. ಆಗಸ್ಟಿನ ಒಂದು ಬೆಳಗ್ಗೆ ಮಾಳಿಗೆಯ ಕಿಟಕಿಯಿಂದ ಆಚೆ ನೋಡಿದೆ. ನಮ್ಮ ಹಲಗೆಯ ನೆರಳು ಅವರ ಟೊಮ್ಯಾಟೊ ಕುಂಡಗಳ ಸಾಲಿನ ಮೇಲೆ ಬಿದ್ದಿತ್ತು. ಆ ಮುದುಕರು ಒಂದೊಂದೇ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ, ಮನೆ ಸುತ್ತಿ, ರಸ್ತೆ ಬದಿಯ ಬಿಸಿಲಿಗೆ ಇಟ್ಟುಬರುತ್ತಿದ್ದರು. ನಡುವೆ ನಿಂತು ಸೊಂಟ ಹಿಡಿದುಕೊಳ್ಳುತ್ತಿದ್ದರು. ಎಂಟು ಕುಂಡ. ಮಧ್ಯಾಹ್ನ ಬಿಸಿಲು ತಿರುಗಿದಾಗ ಎಂಟನ್ನೂ ವಾಪಸ್ ತಂದರು. ಮಾಡದ ತಪ್ಪಿಗೆ ಒಬ್ಬರು ಇಷ್ಟು ಭಾರ ಹೊರುವುದನ್ನು ನಾನು ಕಿಟಕಿಯಲ್ಲಿ ಕೂತು ನೋಡಿದೆ.

ಆ ಭಾನುವಾರ ಉಪ್ಪಿಟ್ಟು ತಿನ್ನುವಾಗ ಹೇಳಿಬಿಟ್ಟೆ. ಅಳಿಯ ಚಮಚ ಕೆಳಗಿಟ್ಟ. ಮಗಳು ಮಾತ್ರ ನನ್ನನ್ನು ಬಿಡಲಿಲ್ಲ.

"ಸಾಲ್ಯಾಗ ಒಂದು ಪೆನ್ಸಿಲ್ ಕದ್ದೆ ಅಂತ ನನ್ನ ಮಾಸ್ತರ ಮನಿತನಕ ಎಳಕೊಂಡು ಹೋಗಿದ್ರಿ ಅಪ್ಪಾ. ಈಗ ನಡೀರಿ."

ಅಳಿಯನೂ ಜೊತೆಗೆ ಬಂದ. ಮುದುಕರು ಬಾಗಿಲು ತೆರೆದರು, ಒಳಗೆ ಕರೆಯಲಿಲ್ಲ. ನಾನು ಕನ್ನಡದಲ್ಲಿ ಹೇಳಿದೆ, ಮಗಳು ಜರ್ಮನ್‌ನಲ್ಲಿ ಹೇಳಿದಳು. ಅವರು ಎರಡೇ ಮಾತಾಡಿದರು. ಮಗಳು ನನ್ನತ್ತ ತಿರುಗಿದಳು.

"ನೀವು ಕೊಯ್ಯೂದು ಅವರು ನೋಡ್ಯಾರಂತ ಅಪ್ಪಾ."

"ಮತ್ತ ಯಾಕ ಹೇಳ್ಲಿಲ್ರಿ?" ಎಂದು ಅಳಿಯ ಅವರನ್ನೇ ಜರ್ಮನ್‌ನಲ್ಲಿ ಕೇಳಿದ.

"ಇವರ ಪತ್ರದಾಗ ಪ್ರಶ್ನೆನ ಇರಲಿಲ್ಲಂತ," ಎಂದು ಮಗಳು ಅವರ ಉತ್ತರವನ್ನು ನನಗೆ ಹೇಳಿದಳು.

ಅಳಿಯ ಕ್ಷಮೆ ಕೇಳಿದ. ಅವರು ಕೇಳಿಸಿಕೊಂಡು ಇನ್ನೊಂದು ಮಾತು ಹೇಳಿದರು: ಆರೋಪ ಬರವಣಿಗೆಯಲ್ಲಿ ಬಂದಿದೆ, ಇದೂ ಬರವಣಿಗೆಯಲ್ಲೇ ಬರಲಿ. ಬಾಗಿಲು ಮೆಲ್ಲಗೆ ಮುಚ್ಚಿತು.

ನಾನು ಒಂದೂವರೆ ಪುಟ ಬರೆದೆ. ನಮ್ಮ ಕಡೆಯ ಪಪ್ಪಾಯಿ ಪದ್ಧತಿ, ನನ್ನ ವಯಸ್ಸು, ಭಾಷೆಯ ತೊಂದರೆ, ವಿಧಿ, ಎಲ್ಲ ಬಂತು. ಮಗಳು ಓದಿ ಹಾಳೆ ವಾಪಸ್ ಕೊಟ್ಟಳು.

"ಇದನ್ನ ಓದಿದ್ರ ಬಳ್ಳಿ ತಾನ ಗರಗಸ ತಗೊಂಡು ಕೊಯ್ಕೊಂಡಂಗ ಅದ."

ಮೂರು ಸಲ ಹರಿದು ಹಾಕಿದ ಮೇಲೆ ಉಳಿದದ್ದು ಇಷ್ಟು: ಬಳ್ಳಿ ಕಡಿದವನು ನಾನು. ನೀವಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಕಡೆ ಬೆರಳು ತೋರಿಸಿ ಸುಮ್ಮನಿದ್ದೆ. ಮಗಳು ಜರ್ಮನ್ ಮಾಡಿದಳು, ಕೆಳಗೆ ನಾನು ಕನ್ನಡದಲ್ಲಿ ಸಹಿ ಮಾಡಿದೆ.

ಈ ಸಲ ಅವರು ಒಳಗೆ ಕರೆದರು. ನಿಂತೇ ಎರಡು ಸಲ ಓದಿದರು. ಕಪಾಟಿನಿಂದ ಒಂದು ಫೈಲು ತೆಗೆದು, ಹಾಳೆಗೆ ಎರಡು ತೂತು ಹೊಡೆದು, ಅಳಿಯನ ಪತ್ರದ ಮೇಲೆ ಅದನ್ನು ಪೋಣಿಸಿದರು. ಮೂವತ್ತು ವರ್ಷ ಫೈಲು ನೋಡಿಕೊಂಡ ನನಗೆ ಅವರ ಕೆಲಸದಲ್ಲಿ ಒಂದು ಕುಂದೂ ಕಾಣಲಿಲ್ಲ.

ಶನಿವಾರ ಹಲಗೆ ಬಿಚ್ಚಿದೆವು. ಅಳಿಯ ಈಚೆಯಿಂದ, ಅವರು ಆಚೆಯಿಂದ. ಕೊನೆಯ ಹಲಗೆ ಬಿದ್ದಾಗ ನಾನು ಬೇಲಿ ದಾಟಿ ರಸ್ತೆ ಬದಿಗೆ ಹೋಗಿ, ವಾಪಸ್ ತರಲೆಂದು ಒಂದು ಕುಂಡ ಎತ್ತಿದೆ. ಅವರು ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಹೊತ್ತೊಯ್ದರು. ನಾನು ಎರಡನೆಯದನ್ನು ಎತ್ತಿದೆ. ಅವರು ನಿಂತು ನೋಡಿದರು, ಬೇಡವೆನ್ನಲಿಲ್ಲ.